ಆಲ್‌ಸ್ಟಾರ್‌ಗೆ ಅತಿ ಹೆಚ್ಚು ಸಲ ಆಯ್ಕೆ: ಹ್ಯಾಂಕ್ ಆರನ್ ಲೆಕ್ಕ 25 ಸರಿಯೋ, 21 ಸರಿಯೋ?

ಪೊನ್ನಂಪೇಟೆ ಕ್ವಿಜ್:

ಎಲ್ಲರಿಗೂ ನಮಸ್ಕಾರ. ಮಳೆ ಬಿಡುವ ಲಕ್ಷಣ ಇಲ್ಲ, ತೋಟಕ್ಕೆ ಇಳಿಯುವ ಹಾಗಿಲ್ಲ, ಮೈದಾನದಲ್ಲಿ ನೀರು ನಿಂತಿದೆ. ಹಾಗಾಗಿ ನಮ್ಮ ಕ್ಲಬ್ಬಿನಲ್ಲಿ ಪ್ರತಿ ಮಳೆಗಾಲದ ಹಾಗೆ ಕ್ರೀಡಾ ಕ್ವಿಜ್ ಇಟ್ಟಿದ್ದೇವೆ. ಈ ಸಲ ಹಾಕಿ, ಕ್ರಿಕೆಟ್ ಬಿಟ್ಟು ಹೊರಗಿನ ಆಟಗಳದ್ದೂ ಒಂದು ಸುತ್ತು ಇರಲಿ ಅಂತ ಹಿರಿಯರೊಬ್ಬರು ಹಟ ಹಿಡಿದಿದ್ದಾರೆ. ಅವರ ಮಗಳು ಅಮೆರಿಕದಲ್ಲಿ ಇದ್ದಾಳೆ, ಒಂದು ಸಲ ಹೋಗಿ ಬಂದದ್ದೇ ತಡ, ಬೇಸ್‌ಬಾಲ್ ಹುಚ್ಚು ಹಿಡಿಸಿಕೊಂಡು ಬಂದಿದ್ದಾರೆ.

ನನ್ನ ಪ್ರಶ್ನೆ ಸುಲಭದ್ದೇ ಅಂದುಕೊಂಡಿದ್ದೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ನ್ಯಾಷನಲ್ ಲೀಗ್, ಅಮೆರಿಕನ್ ಲೀಗ್ ಅಂತ ಎರಡು ಭಾಗ, ಎರಡರಿಂದಲೂ ಆರಿಸಿದ ಆಟಗಾರರ ತಂಡಗಳು ಎದುರುಬದುರಾಗಿ ಆಡುವುದೇ ಆಲ್‌ಸ್ಟಾರ್ ಪಂದ್ಯ. ಆ ಆಲ್‌ಸ್ಟಾರ್ ತಂಡಕ್ಕೆ ಅತಿ ಹೆಚ್ಚು ಸಲ ಆಯ್ಕೆಯಾದವರು ಯಾರು? ಹ್ಯಾಂಕ್ ಆರನ್, ಅದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಒಂದು ಕಡೆ 25 ಸಲ ಅಂತ ಇದೆ, ಇನ್ನೊಂದು ಕಡೆ 21 ಅಂತ ಇದೆ. ಆರನ್ ಆಡಿದ್ದೇ 1954ರಿಂದ 1976ರ ತನಕ, 23 ಸೀಸನ್. ಆಲ್‌ಸ್ಟಾರ್ ಪಂದ್ಯ ವರ್ಷಕ್ಕೊಂದೇ ಅಲ್ವಾ, ಹಾಗಾದರೆ 23 ಸೀಸನ್ ಆಡಿದವರು 25 ಸಲ ಆಯ್ಕೆಯಾಗುವುದು ಹೇಗೆ? ವಿಲ್ಲಿ ಮೇಸ್, ಸ್ಟ್ಯಾನ್ ಮ್ಯೂಸಿಯಲ್ ಅವರದ್ದೂ ಇದೇ ಕಥೆ, ಒಂದು ಕಡೆ 24, ಇನ್ನೊಂದು ಕಡೆ 20.

ನಮ್ಮ ಕ್ವಿಜ್‌ನಲ್ಲಿ ಉತ್ತರ ಒಂಚೂರು ಆಚೀಚೆ ಆದರೂ ಆಮೇಲೆ ಪಂಚಾಯಿತಿ ಮುಗಿಯುವುದಿಲ್ಲ, ಗೊತ್ತಲ್ಲ. ತಿಳಿದವರು ಹೇಳಿ.

ಮೂರ್ನಾಡು ಟು ಮಿಲ್ವಾಕಿ:

ತಮ್ಮಾ, ಎರಡೂ ಸರಿ. 25 ಪಂದ್ಯದ ಲೆಕ್ಕ, 21 ವರ್ಷದ ಲೆಕ್ಕ.

1959ರಿಂದ 1962ರ ತನಕ, ನಾಲ್ಕು ವರ್ಷ, ವರ್ಷಕ್ಕೆ ಎರಡು ಆಲ್‌ಸ್ಟಾರ್ ಪಂದ್ಯ ಆಡಿಸುತ್ತಿದ್ದರು. ಆಟಗಾರರ ಪಿಂಚಣಿ ನಿಧಿಗೆ ದುಡ್ಡು ಬೇಕಿತ್ತು, ಅದಕ್ಕೆ. ಆಗಿನ ಆಟಗಾರರಿಗೆ ಈಗಿನ ಹಾಗೆ ಕೋಟಿಗಟ್ಟಲೆ ಸಂಬಳ ಇರಲಿಲ್ಲ, ಎಷ್ಟೋ ಜನ ಚಳಿಗಾಲದಲ್ಲಿ ಬೇರೆ ಕೆಲಸ ಮಾಡಿಕೊಂಡು ಸಂಸಾರ ನಡೆಸುತ್ತಿದ್ದರು. ಆದರೆ ಎರಡೆರಡು ಸಲ ನೋಡಿ ಜನರಿಗೂ ಸಾಕಾಯಿತು, 1963ರಿಂದ ಮತ್ತೆ ಒಂದೇ ಪಂದ್ಯ.

ಆರನ್ 1955ರಿಂದ 1975ರ ತನಕ ಒಂದು ವರ್ಷವೂ ಬಿಡದೆ ಆಯ್ಕೆಯಾದರು. ಅಂದರೆ ಮೊದಲ ಸೀಸನ್ ಮತ್ತು ಕೊನೆಯ ಸೀಸನ್, ಇವೆರಡು ಮಾತ್ರ ಬಿಟ್ಟುಹೋದವು. 21 ವರ್ಷ, ಅದರಲ್ಲಿ ನಾಲ್ಕು ವರ್ಷ ಎರಡೆರಡು, ಒಟ್ಟು 25. ಮೇಸ್ 1954ರಿಂದ 1973ರ ತನಕ ಸಾಲಾಗಿ 20 ವರ್ಷ, ನಾಲ್ಕು ಸೇರಿಸಿದರೆ 24. ಮ್ಯೂಸಿಯಲ್ 1943, 1944, ಆಮೇಲೆ 1946ರಿಂದ 1963, ಅವರದ್ದೂ 20, ಅವರಿಗೂ 24. ನಡುವೆ 1945 ಯಾಕಿಲ್ಲ ಅಂದರೆ ಮ್ಯೂಸಿಯಲ್ ಆಗ ನೌಕಾಪಡೆಯಲ್ಲಿದ್ದರು. ಮನೆಯಲ್ಲೇ ಇದ್ದಿದ್ದರೂ ಪ್ರಯೋಜನ ಇರಲಿಲ್ಲ, ಯುದ್ಧ ಅಂತ ಆ ವರ್ಷ ಪಂದ್ಯವನ್ನೇ ಕೈಬಿಟ್ಟಿದ್ದರು. ಅದು ಬಿಟ್ಟರೆ ಪಂದ್ಯ ನಡೆಯದೆ ಇದ್ದದ್ದು 2020ರಲ್ಲಿ, ಕೊರೊನಾ ವರ್ಷ.

ನಾನು ಕೆಲಸಕ್ಕೆ ಅಂತ ಅಮೆರಿಕದ ಮಿಲ್ವಾಕಿಯಲ್ಲಿ ಸ್ವಲ್ಪ ಕಾಲ ಇದ್ದವನು, ಅಲ್ಲಿನ ಹಳಬರಿಗೆ ಆರನ್ ಅಂದರೆ ಮನೆ ಮಗನ ಹಾಗೆ. ಯಾಕೆ ಅಂದರೆ ಆರನ್ ಮೊದಲ ಆಲ್‌ಸ್ಟಾರ್ ಪಂದ್ಯ 1955ರದ್ದು, ಅದು ನಡೆದದ್ದು ಮಿಲ್ವಾಕಿ ಕೌಂಟಿ ಸ್ಟೇಡಿಯಂನಲ್ಲಿ. ಕೊನೆಯದ್ದು 1975ರದ್ದು, ಅದೂ ಅದೇ ಸ್ಟೇಡಿಯಂನಲ್ಲಿ! ಮೊದಲನೆಯದಕ್ಕೆ ಬಂದಾಗ ಮಿಲ್ವಾಕಿ ಬ್ರೇವ್ಸ್ ಆಟಗಾರ, ನ್ಯಾಷನಲ್ ಲೀಗ್ ಪರ. ಆ ತಂಡ 1966ರಲ್ಲಿ ಅಟ್ಲಾಂಟಾಗೆ ಹೋಯಿತು, ಆರನ್ ಕೂಡ ಹೋದರು, ಬೇಬ್ ರೂತ್ ದಾಖಲೆ ಮುರಿದ 715ನೇ ಹೋಂ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) 1974ರಲ್ಲಿ ಹೊಡೆದದ್ದು ಅಲ್ಲೇ. ಕೊನೆಗೆ ಮಿಲ್ವಾಕಿಗೆ ವಾಪಸ್ ಬಂದು ಬ್ರೂವರ್ಸ್ ಸೇರಿದರು, ಹಾಗಾಗಿ 1975ರಲ್ಲಿ ಆಡಿದ್ದು ಅಮೆರಿಕನ್ ಲೀಗ್ ಪರ. 1955ರ ಪಂದ್ಯವನ್ನು 12ನೇ ಇನ್ನಿಂಗ್ಸ್‌ನಲ್ಲಿ ಹೋಂ ರನ್ ಹೊಡೆದು ಮುಗಿಸಿದ್ದು ಯಾರು ಗೊತ್ತಾ? ಇದೇ ಮ್ಯೂಸಿಯಲ್.

ಇನ್ನೊಂದು ಕಿತಾಪತಿ ಉಂಟು, ಕ್ವಿಜ್‌ಗೆ ಬೇಕಾಗಬಹುದು. ಆಯ್ಕೆಯಾಗುವುದು ಬೇರೆ, ಮೈದಾನಕ್ಕೆ ಇಳಿಯುವುದು ಬೇರೆ. ಆರನ್ 25 ಪಂದ್ಯಕ್ಕೆ ಆಯ್ಕೆಯಾದರೂ ಆಡಿದ್ದು 24. ಮೇಸ್ 24, ಮ್ಯೂಸಿಯಲ್ 24. ಅಂದರೆ "ಅತಿ ಹೆಚ್ಚು ಆಲ್‌ಸ್ಟಾರ್ ಪಂದ್ಯ ಆಡಿದವರು ಯಾರು" ಅಂತ ಕೇಳಿದರೆ ಮೂರು ಹೆಸರು ಹೇಳಬೇಕು.

ಹಳೇ ಸೆಂಟರ್ ಹಾಫ್:

ನನಗೆ ಬೇಸ್‌ಬಾಲ್ ಅಷ್ಟಾಗಿ ಗೊತ್ತಿಲ್ಲ, ಆದರೂ ಕೇಳುತ್ತೇನೆ. ಇದನ್ನು ಸಾಧನೆ ಅಂತ ಯಾಕೆ ಲೆಕ್ಕ ಹಾಕುವುದು? ಜನ ಓಟು ಹಾಕಿ ಆರಿಸುವ ತಂಡ, ಅದರ ಮೇಲೆ ಪ್ರತಿ ತಂಡದಿಂದ ಕಡಿಮೆ ಅಂದರೂ ಒಬ್ಬ ಇರಲೇಬೇಕು ಅನ್ನುವ ನಿಯಮ ಬೇರೆ. ಸೋತು ಸುಣ್ಣವಾದ ತಂಡದಿಂದಲೂ ಒಬ್ಬ ಆಲ್‌ಸ್ಟಾರ್!

ನಮ್ಮ ಕೊಡವ ಹಾಕಿ ಉತ್ಸವ ತೆಗೆದುಕೊಳ್ಳಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗಿನಿಂದ ಯಾವ ಒಕ್ಕದ (ಕೊಡವ ಮನೆತನದ) ತಂಡ ಬಂದರೂ ಮೈದಾನ ಉಂಟು, ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಬಹುದು, ಅದೇ ಅದರ ಚಂದ. ಆದರೆ ಅಲ್ಲಿ ಇಷ್ಟು ವರ್ಷ ಆಡಿದೆ ಅಂತ ಯಾರೂ ತಮ್ಮನ್ನು ಎಂ.ಎಂ. ಸೋಮಯ್ಯ ಪಕ್ಕ ನಿಲ್ಲಿಸಿಕೊಳ್ಳುವುದಿಲ್ಲ. ಅವರು 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಇದ್ದವರು. ಎಲ್ಲರಿಗೂ ಜಾಗ ಕೊಡುವ ಆಟ ಬೇರೆ, ಜರಡಿ ಹಿಡಿದು ಆರಿಸುವ ತಂಡ ಬೇರೆ. ಈ ಆಲ್‌ಸ್ಟಾರ್ ಎರಡನ್ನೂ ಕಲಸಿ ಇಟ್ಟ ಹಾಗಿದೆ. ಇದರ ಮೇಲೆ ಒಬ್ಬನನ್ನು ಅಳೆಯಲು ಆಗುತ್ತದಾ?

ಮೂರ್ನಾಡು ಟು ಮಿಲ್ವಾಕಿ:

ಅಣ್ಣಾ, ನಿಮ್ಮ ತಕರಾರಿಗೆ ಬಲವಾದ ಸಾಕ್ಷಿಯನ್ನು ನಾನೇ ಕೊಡುತ್ತೇನೆ, ಆಮೇಲೆ ಉತ್ತರವನ್ನೂ ಕೊಡುತ್ತೇನೆ.

ಅಭಿಮಾನಿಗಳ ಓಟು ಶುರುವಾದದ್ದು 1947ರಲ್ಲಿ. 1957ರಲ್ಲಿ ಸಿನ್ಸಿನಾಟಿ ಊರಿನವರು ಸೇರಿಕೊಂಡು ರಾಶಿ ರಾಶಿ ಓಟು ಹಾಕಿದರು. ಅಲ್ಲಿನ ಪತ್ರಿಕೆಯಲ್ಲೇ ಓಟಿನ ಚೀಟಿ ಅಚ್ಚಾಗಿ ಬರುತ್ತಿತ್ತು, ತುಂಬಿ ಕಳಿಸಿದರಾಯಿತು. ಫಲಿತಾಂಶ ಬಂದಾಗ ನ್ಯಾಷನಲ್ ಲೀಗ್‌ನ ಎಂಟು ಜಾಗದಲ್ಲಿ ಏಳು ಸಿನ್ಸಿನಾಟಿ ಆಟಗಾರರದ್ದು! ಉಳಿದ ಒಂದು ಜಾಗ ಉಳಿಸಿಕೊಂಡವರು ಮ್ಯೂಸಿಯಲ್, ಫಸ್ಟ್ ಬೇಸ್‌ನಲ್ಲಿ. ಆಗ ಬೇಸ್‌ಬಾಲ್ ಕಮಿಷನರ್, ಅಂದರೆ ಲೀಗುಗಳ ಮುಖ್ಯಸ್ಥ, ಆಗಿದ್ದ ಫೋರ್ಡ್ ಫ್ರಿಕ್ ಇದು ಅತಿಯಾಯಿತು ಅಂತ ಗಸ್ ಬೆಲ್, ವಾಲಿ ಪೋಸ್ಟ್ ಇಬ್ಬರನ್ನು ತೆಗೆದು ಆ ಜಾಗಕ್ಕೆ ಹಾಕಿದ್ದು ಯಾರನ್ನು? ಮೇಸ್ ಮತ್ತು ಆರನ್ ಅವರನ್ನು. ನೋಡಿ, ನಾವು ಮಾತಾಡುತ್ತಿರುವ ಮೂವರೂ ಆ ಒಂದೇ ಗಲಾಟೆಯಲ್ಲಿ ಇದ್ದಾರೆ.

ಈಗ ಉತ್ತರ. ಆ ಗಲಾಟೆ ಆದ ಮೇಲೆ ಅಭಿಮಾನಿಗಳಿಂದ ಓಟು ಕಿತ್ತುಕೊಂಡರು. 1958ರಿಂದ 1969ರ ತನಕ ಆರಿಸಿದ್ದು ಆಟಗಾರರು, ಕೋಚ್‌ಗಳು, ಮ್ಯಾನೇಜರ್‌ಗಳು. 1970ಕ್ಕೆ ಮತ್ತೆ ಜನರ ಕೈಗೆ ಬಂತು. ಈಗ ಲೆಕ್ಕ ಹಾಕಿ. ಆರನ್ ಅವರ 21 ವರ್ಷದಲ್ಲಿ 12 ವರ್ಷ, ಮೇಸ್ ಅವರ 20ರಲ್ಲಿ 12 ವರ್ಷ, ಆರಿಸಿದ್ದು ಎದುರಾಳಿಗಳೇ. ನಾಳೆ ಬೆಳಿಗ್ಗೆ ಅವರ ವಿರುದ್ಧವೇ ಚೆಂಡು ಎಸೆಯಬೇಕಾದವರು "ಇವರಿಗಿಂತ ಒಳ್ಳೆಯವರಿಲ್ಲ" ಅಂತ ಓಟು ಹಾಕಿದ್ದಾರೆ. ಇದು ಬರೀ ಜನಪ್ರಿಯತೆ ಹೇಗಾಗುತ್ತದೆ ಅಣ್ಣಾ?

ತಂಡಕ್ಕೊಬ್ಬ ಅನ್ನುವ ನಿಯಮದಿಂದ ಒಬ್ಬ ಸಾಧಾರಣ ಆಟಗಾರ ಒಂದು ಸಲವೋ ಎರಡು ಸಲವೋ ಒಳಗೆ ನುಗ್ಗಬಹುದು. 20 ಸಲ ನುಗ್ಗಲು ಆಗುವುದಿಲ್ಲ.

ವಿರಾಜಪೇಟೆ ಅಂಕಿ ಅಕ್ಕ:

ಚೆನ್ನಾಗಿ ನಡೆಯುತ್ತಿದೆ ಚರ್ಚೆ, ನಾನೂ ಸ್ವಲ್ಪ ಉಪ್ಪು ಹಾಕುತ್ತೇನೆ.

ನನ್ನ ಪ್ರಕಾರ ಪಂದ್ಯದ ಲೆಕ್ಕ ಬಿಟ್ಟು ವರ್ಷದ ಲೆಕ್ಕವನ್ನೇ ಹಿಡಿಯಬೇಕು. ಯಾಕೆ ಅಂತ ಹೇಳುತ್ತೇನೆ. ಮಿಕ್ಕಿ ಮ್ಯಾಂಟಲ್ 20 ಅಂತ ಬರೆದಿರುತ್ತಾರೆ, ಕ್ಯಾಲ್ ರಿಪ್ಕೆನ್ 19 ಅಂತ. ಪಟ್ಟಿಯಲ್ಲಿ ಮ್ಯಾಂಟಲ್ ಮೇಲೆ, ರಿಪ್ಕೆನ್ ಕೆಳಗೆ. ಆದರೆ ಮ್ಯಾಂಟಲ್ ಆಯ್ಕೆಯಾದದ್ದು 16 ವರ್ಷ ಮಾತ್ರ, ಆ ಎರಡು ಪಂದ್ಯದ ನಾಲ್ಕು ವರ್ಷ ಸರಿಯಾಗಿ ಅವರ ಕಾಲಕ್ಕೇ ಬಂತು. ರಿಪ್ಕೆನ್ 1983ರಿಂದ 2001ರ ತನಕ ಬಿಡದೆ 19 ವರ್ಷ. ಮೂರು ವರ್ಷ ಜಾಸ್ತಿ ಆಯ್ಕೆಯಾದವರು ಕೆಳಗೆ ಇರುವುದು ಯಾವ ನ್ಯಾಯ? ಹುಟ್ಟಿದ ವರ್ಷ ಸರಿ ಇರಲಿಲ್ಲ ಅಂತಲಾ?

ವರ್ಷದ ಲೆಕ್ಕ ಹಿಡಿದರೆ ಪಟ್ಟಿ ಹೀಗೆ ಬದಲಾಗುತ್ತದೆ. ಆರನ್ 21, ಮೇಸ್ ಮತ್ತು ಮ್ಯೂಸಿಯಲ್ 20, ರಿಪ್ಕೆನ್ 19, ಆಮೇಲೆ ರಾಡ್ ಕರೂ ಮತ್ತು ಕಾರ್ಲ್ ಯಾಸ್ಟ್ರೆಮ್ಸ್ಕಿ 18, ಟೆಡ್ ವಿಲಿಯಮ್ಸ್ ಮತ್ತು ಪೀಟ್ ರೋಸ್ 17. ಪಂದ್ಯದ ಲೆಕ್ಕದಲ್ಲಿ ಕರೂ ಜೊತೆ 18 ಅಂತ ಕೂತಿರುವ ಯೋಗಿ ಬೆರಾ, ಅಲ್ ಕೇಲೈನ್, ಬ್ರೂಕ್ಸ್ ರಾಬಿನ್ಸನ್ ಮೂವರೂ 15ಕ್ಕೆ ಇಳಿಯುತ್ತಾರೆ. ದೊಡ್ಡ ಆಟಗಾರರೇ, ಇಲ್ಲ ಅನ್ನುವುದಿಲ್ಲ, ಆದರೆ ಕರೂ ಜೊತೆ ಒಂದೇ ಸಾಲಲ್ಲಿ ಅಲ್ಲ.

ವಿಲಿಯಮ್ಸ್ ವಿಷಯ ಮಾತ್ರ ನನಗೆ ಹೊಟ್ಟೆ ಉರಿಸುತ್ತದೆ. 1943, 44, 45 ಮೂರು ಸೀಸನ್ ಎರಡನೇ ಮಹಾಯುದ್ಧಕ್ಕೆ ಹೋಯಿತು, ಆಮೇಲೆ 1952 ಮತ್ತು 53ರ ಹೆಚ್ಚಿನ ಭಾಗ ಕೊರಿಯಾ ಯುದ್ಧಕ್ಕೆ. ಪೈಲಟ್ ಆಗಿದ್ದರು. ನಮ್ಮ ಜಿಲ್ಲೆಯಲ್ಲಿ ಸೈನ್ಯಕ್ಕೆ ಹೋದವರಿಲ್ಲದ ಮನೆ ಹುಡುಕಬೇಕು, ಹಾಗಾಗಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೇಸ್ ಕೂಡ 1952ರ ಬಹುಪಾಲು ಮತ್ತು 1953 ಪೂರ್ತಿ ಸೈನ್ಯದಲ್ಲಿ ಕಳೆದರು. ಅವರು ವಾಪಸ್ ಬಂದ ವರ್ಷದಿಂದಲೇ ಆ 20 ವರ್ಷದ ಸಾಲು ಶುರುವಾಗಿದೆ, ಗಮನಿಸಿ. ಆ ಎರಡು ವರ್ಷ ಸಿಕ್ಕಿದ್ದರೆ ಆರನ್ ಮೇಲೆ ಇರುತ್ತಿದ್ದರೋ ಏನೋ.

ಹಾಗೇ ಬೇಬ್ ರೂತ್ ಹೆಸರು ಯಾರಾದರೂ ಎತ್ತುವ ಮೊದಲು ಹೇಳಿಬಿಡುತ್ತೇನೆ. ರೂತ್ ಆಲ್‌ಸ್ಟಾರ್ ಆದದ್ದು ಎರಡೇ ಸಲ, 1933 ಮತ್ತು 34. ಯಾಕೆಂದರೆ ಆಲ್‌ಸ್ಟಾರ್ ಪಂದ್ಯ ಶುರುವಾದದ್ದೇ 1933ರ ಜುಲೈ 6ಕ್ಕೆ, ಷಿಕಾಗೋ ಕಮಿಸ್ಕಿ ಪಾರ್ಕ್‌ನಲ್ಲಿ. ಊರಲ್ಲಿ ವಿಶ್ವಮೇಳ ನಡೆಯುತ್ತಿತ್ತು, ಅದರ ಜೊತೆಗೆ ಒಂದು ಪಂದ್ಯ ಇರಲಿ ಅಂತ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್ ಯೋಚನೆ. ರೂತ್‌ಗೆ ಆಗ 38 ವಯಸ್ಸು, ಆದರೂ ಆ ಪಂದ್ಯದ, ಅಂದರೆ ಆಲ್‌ಸ್ಟಾರ್ ಇತಿಹಾಸದ, ಮೊದಲ ಹೋಂ ರನ್ ಅವರದ್ದೇ. ಟೈ ಕಾಬ್ ಅಂತೂ 1928ಕ್ಕೇ ನಿವೃತ್ತಿ, ಅವರ ಲೆಕ್ಕ ಸೊನ್ನೆ. ಸೆಂಟರ್ ಹಾಫ್ ಸರ್ ಹೇಳಿದ "ಇದರ ಮೇಲೆ ಅಳೆಯಲು ಆಗುತ್ತದಾ" ಅನ್ನುವ ಮಾತಿಗೆ ನನಗೆ ಇದೇ ಜಾಸ್ತಿ ಸರಿಯಾದ ಕಾರಣ ಅನ್ನಿಸುತ್ತದೆ, ಓಟಿನ ವಿಷಯ ಅಲ್ಲ.

ನಾಪೋಕ್ಲು ನೈಂಟಿಫೋರ್:

ಜೋ ಡಿಮ್ಯಾಜಿಯೋ ಬಿಟ್ಟುಬಿಟ್ಟಿರಲ್ಲ ಅಕ್ಕಾ. ಆಡಿದ್ದು 13 ಸೀಸನ್, ಆಲ್‌ಸ್ಟಾರ್ 13 ಸೀಸನ್. ನೂರಕ್ಕೆ ನೂರು. ನಡುವೆ ಮೂರು ವರ್ಷ ಅವರೂ ಸೈನ್ಯದಲ್ಲಿದ್ದರು. ಆಡಿದ ಒಂದು ವರ್ಷವೂ ಬಿಡದವರು ಅಂದರೆ ಅವರೇ ನನಗೆ ಮೊದಲು.

ಪೊನ್ನಂಪೇಟೆ ಕ್ವಿಜ್:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟೊಂದು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಇನ್ನೆರಡು ಕೇಳಿಬಿಡುತ್ತೇನೆ. ಈ ಹೆಸರುಗಳೆಲ್ಲ ಬ್ಯಾಟ್ ಹಿಡಿಯುವವರದ್ದೇ, ಚೆಂಡು ಎಸೆಯುವ ಪಿಚರ್‌ಗಳಲ್ಲಿ ಯಾರು ಮುಂದೆ? ಇನ್ನೊಂದು, ಈಗಿನವರು ಯಾರಾದರೂ ಆರನ್ ಹತ್ತಿರ ಬರುವ ಹಾಗೆ ಇದ್ದಾರಾ?

ಮೂರ್ನಾಡು ಟು ಮಿಲ್ವಾಕಿ:

ಪಿಚರ್‌ಗಳಲ್ಲಿ ವಾರೆನ್ ಸ್ಪಾನ್. ಪಂದ್ಯದ ಲೆಕ್ಕದಲ್ಲಿ 17, ವರ್ಷದ ಲೆಕ್ಕದಲ್ಲಿ 14. ಎಡಗೈ ಪಿಚರ್, 363 ಪಂದ್ಯ ಗೆಲ್ಲಿಸಿದವರು, ಎಡಗೈಯವರಲ್ಲಿ ಈಗಲೂ ಅದೇ ದಾಖಲೆ. ಮಿಲ್ವಾಕಿಯಲ್ಲಿ ಆರನ್ ಜೊತೆಗೇ ಆಡಿದವರು. ಮರಿಯಾನೋ ರಿವೆರಾ 13, ಟಾಮ್ ಸೀವರ್ 12.

ಪಿಚರ್‌ಗೆ ಇದು ಕಷ್ಟ. ನಾಲ್ಕೈದು ದಿನಕ್ಕೊಮ್ಮೆ ಚೆಂಡು ಎಸೆಯುವವರು, ಭಾನುವಾರ ತಮ್ಮ ತಂಡಕ್ಕೆ ಎಸೆದಿದ್ದರೆ ಮಂಗಳವಾರದ ಆಲ್‌ಸ್ಟಾರ್‌ಗೆ ಭುಜ ಇರುವುದಿಲ್ಲ. ಮೊಣಕೈ ಒಮ್ಮೆ ಕೆಟ್ಟರೆ ಒಂದು ವರ್ಷವೇ ಹೋಯಿತು.

ಈಗಿನವರಲ್ಲಿ ಮೈಕ್ ಟ್ರೌಟ್ 2012ರಿಂದ 2023ರೊಳಗೆ 11 ಸಲ ಆಯ್ಕೆಯಾದರು. ಒಂದು ಕಾಲದಲ್ಲಿ ಇವರೇ ಮುರಿಯುತ್ತಾರೆ ಅನ್ನಿಸಿತ್ತು, ಆದರೆ ಗಾಯದ ಮೇಲೆ ಗಾಯ. 21 ಮುಟ್ಟಬೇಕಾದರೆ ಇಪ್ಪತ್ತರ ವಯಸ್ಸಿಗೆ ಶುರು ಮಾಡಿ ನಲವತ್ತರ ತನಕ ಒಂದು ವರ್ಷವೂ ಕುಸಿಯಬಾರದು. ಮೇಲಾಗಿ ಆರನ್ ಕಾಲದಲ್ಲಿ ಮೊದಲು ಲೀಗಿಗೆ ಎಂಟೇ ತಂಡ ಇದ್ದವು, ಈಗ 15. ಒಂದು ಜಾಗಕ್ಕೆ ಸ್ಪರ್ಧೆ ಮಾಡುವವರೇ ಹೆಚ್ಚು ಕಡಿಮೆ ಎರಡರಷ್ಟು.

ಹಳೇ ಸೆಂಟರ್ ಹಾಫ್:

ಎದುರಾಳಿಗಳೇ ಆರಿಸಿದರು ಅನ್ನುವ ಮಾತು ಒಪ್ಪಿದೆ, ಅದು ದೊಡ್ಡ ಸಂಗತಿ. ಆದರೆ ನನ್ನ ತಕರಾರು ಪೂರ್ತಿ ಬಿಟ್ಟಿಲ್ಲ. ನಿನ್ನೆ ಮನೆಯಲ್ಲಿ ನಾನೂ ಸ್ವಲ್ಪ ಹುಡುಕಿದೆ, ಕರೆಂಟ್ ಇದ್ದಷ್ಟು ಹೊತ್ತು. 2022ರಲ್ಲಿ ಆಲ್ಬರ್ಟ್ ಪೂಹೋಲ್ಸ್, ಮಿಗೆಲ್ ಕಬ್ರೇರಾ ಇಬ್ಬರನ್ನೂ ಕಮಿಷನರ್ ತಾವೇ ಗೌರವಕ್ಕೆ ಅಂತ ಸೇರಿಸಿದ್ದಾರೆ, 2025ರಲ್ಲಿ ಕ್ಲೇಟನ್ ಕರ್ಷಾ ಅವರನ್ನೂ ಹಾಗೇ. ಕರ್ಷಾ ಅವರ 11ರಲ್ಲಿ ಕೊನೆಯದ್ದು ಅದೇ. ಹಿರಿಯರಿಗೆ ಶಾಲು ಹೊದಿಸುವುದು ಒಳ್ಳೆಯದೇ, ಆದರೆ ಅದನ್ನೂ ಸಂಖ್ಯೆಗೆ ಕೂಡಿಸಿದರೆ ಹೇಗೆ?

ಇನ್ನೊಂದು ಪ್ರಶ್ನೆ, ಈ ಆರನ್ ಆಲ್‌ಸ್ಟಾರ್ ಪಂದ್ಯದಲ್ಲಿ ಆಡಿದ್ದಾದರೂ ಹೇಗೆ? ಹೋಗಿ ಕೂತು ಬಂದರಾ?

ವಿರಾಜಪೇಟೆ ಅಂಕಿ ಅಕ್ಕ:

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ ಸರ್. ನಿಜ ಹೇಳಬೇಕೆಂದರೆ ಆರನ್ ಈ ಪಂದ್ಯಗಳಲ್ಲಿ ಮಿಂಚಿದವರಲ್ಲ. ವೃತ್ತಿಯಲ್ಲಿ 755 ಹೋಂ ರನ್ ಹೊಡೆದವರು, ಆಲ್‌ಸ್ಟಾರ್‌ನಲ್ಲಿ ಹೊಡೆದದ್ದು ಎರಡೇ, 1971ರಲ್ಲಿ ಒಂದು, 1972ರಲ್ಲಿ ಒಂದು. 1972ರದ್ದು ತಮ್ಮದೇ ಅಟ್ಲಾಂಟಾ ಜನರ ಮುಂದೆ, ಅದು ಬೇರೆ ಖುಷಿ. ಮ್ಯೂಸಿಯಲ್ ಆರು ಹೊಡೆದಿದ್ದಾರೆ, ಅದು ಇವತ್ತಿಗೂ ದಾಖಲೆ. ಮೇಸ್ 23 ಹಿಟ್, ಅದೂ ದಾಖಲೆ, ಎರಡು ಸಲ ಪಂದ್ಯದ ಅತ್ಯುತ್ತಮ ಆಟಗಾರ, 1963 ಮತ್ತು 68. ಆಯ್ಕೆಯಲ್ಲಿ ಆರನ್ ಮುಂದೆ, ಆಟದಲ್ಲಿ ಮೇಸ್ ಮುಂದೆ, ಇದು ನನ್ನ ತೀರ್ಪು. ಬೇಡ ಅನ್ನುವವರು ಬೇಡ ಅನ್ನಿ.

ಗೌರವದ ಆಯ್ಕೆ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. 2001ರಲ್ಲಿ ರಿಪ್ಕೆನ್‌ಗೆ 40 ವಯಸ್ಸು, ಅದೇ ಕೊನೆಯ ಸೀಸನ್ ಅಂತ ಆಗಲೇ ಹೇಳಿದ್ದರು, ಜನ ಪ್ರೀತಿಯಿಂದಲೇ ಓಟು ಹಾಕಿದ್ದು. ಥರ್ಡ್ ಬೇಸ್‌ಗೆ ಆಯ್ಕೆಯಾಗಿದ್ದವರನ್ನು ಶಾರ್ಟ್‌ಸ್ಟಾಪ್ ಜಾಗದಲ್ಲಿದ್ದ ಅಲೆಕ್ಸ್ ರಾಡ್ರಿಗಸ್ ಮೈದಾನದಲ್ಲೇ ತಳ್ಳಿಕೊಂಡು ಹೋಗಿ ಅವರ ಹಳೇ ಜಾಗದಲ್ಲಿ ನಿಲ್ಲಿಸಿದರು. ಆಮೇಲೆ ರಿಪ್ಕೆನ್ ತಮ್ಮ ಮೊದಲ ಬ್ಯಾಟಿಂಗ್‌ನಲ್ಲೇ ಹೋಂ ರನ್ ಹೊಡೆದು ಪಂದ್ಯದ ಅತ್ಯುತ್ತಮ ಆಟಗಾರ ಪ್ರಶಸ್ತಿ ತೆಗೆದುಕೊಂಡು ಹೋದರು. ಓಟು ಹಾಕಿದವರು ದಡ್ಡರಲ್ಲ ಬಿಡಿ.

ನಾಪೋಕ್ಲು ನೈಂಟಿಫೋರ್:

ಪೀಟ್ ರೋಸ್ ಬಗ್ಗೆ ಯಾರೂ ಹೇಳಲಿಲ್ಲ. ಐದು ಬೇರೆ ಬೇರೆ ಜಾಗದಲ್ಲಿ ಆಲ್‌ಸ್ಟಾರ್ ಆದವರು, ಸೆಕೆಂಡ್ ಬೇಸ್, ಲೆಫ್ಟ್ ಫೀಲ್ಡ್, ರೈಟ್ ಫೀಲ್ಡ್, ಥರ್ಡ್ ಬೇಸ್, ಫಸ್ಟ್ ಬೇಸ್. ಹಾಕಿಯಲ್ಲಿ ಫುಲ್ ಬ್ಯಾಕ್‌ನಿಂದ ಫಾರ್ವರ್ಡ್ ತನಕ ಎಲ್ಲ ಕಡೆ ರಾಜ್ಯ ತಂಡಕ್ಕೆ ಆಡಿದವರು ಯಾರಾದರೂ ಸಿಗುತ್ತಾರಾ ನೋಡಿ. ಇದನ್ನು ಕ್ವಿಜ್‌ಗೆ ಹಾಕಿ, ಯಾರಿಗೂ ಬರುವುದಿಲ್ಲ.

ಪೊನ್ನಂಪೇಟೆ ಕ್ವಿಜ್:

ಸರಿ, ಪ್ರಶ್ನೆ ಹೀಗೆ ಬರೆದಿದ್ದೇನೆ, ತೂತು ಇದ್ದರೆ ಹೇಳಿ:

"ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅತಿ ಹೆಚ್ಚು ವರ್ಷ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದ ಆಟಗಾರ ಯಾರು, ಎಷ್ಟು ವರ್ಷ?" ಉತ್ತರ ಹ್ಯಾಂಕ್ ಆರನ್, 21. ಯಾರಾದರೂ 25 ಅಂದರೆ, 1959ರಿಂದ 62ರ ವಿಷಯ ವಿವರಿಸಿ ಹೇಳಿದರೆ ಮಾತ್ರ ಪೂರ್ತಿ ಅಂಕ. ಬರೀ 25 ಅಂದರೆ ಅರ್ಧ. ಟೈ ಆದರೆ ಅತಿ ಹೆಚ್ಚು ಪಂದ್ಯ ಆಡಿದ ಮೂವರ ಹೆಸರು ಕೇಳುತ್ತೇನೆ.

ಮೂರ್ನಾಡು ಟು ಮಿಲ್ವಾಕಿ:

ತೂತಿಲ್ಲ. ಆದರೆ ಅರ್ಧ ಅಂಕ ಅಂತ ಮೊದಲೇ ಹಾಳೆಯಲ್ಲಿ ಬರೆದು ಇಟ್ಟುಕೋ, ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ.

ಹಳೇ ಸೆಂಟರ್ ಹಾಫ್:

ಬೇಸ್‌ಬಾಲ್‌ಗೆ ಎಷ್ಟು ಪ್ರಶ್ನೆಯೋ ಹಾಕಿಕೊಳ್ಳಿ, ಹಾಕಿ ಸುತ್ತಿನಿಂದ ಒಂದು ಪ್ರಶ್ನೆಯನ್ನೂ ಕಡಿಮೆ ಮಾಡಬೇಡಿ ಅಂತ ನಿಮ್ಮ ಆ ಹಿರಿಯರಿಗೆ ಹೇಳಿ. ನಾನು ಬರುತ್ತಿದ್ದೇನೆ, ನಮ್ಮ ತಂಡದ ಹೆಸರು ಬರೆದುಕೊಳ್ಳಿ.